ಬಸ್ಸು ನಿಂತೇ ಇತ್ತು, ಶಿರಸಿ ಹೊರಟಿತು

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಮಧ್ಯಾಹ್ನ ಊಟ ಮುಗಿಸಿ ಫೋನ್ ಹಿಡಿದು ಅಡ್ಡಾಗಿರುತ್ತೀರಿ. ಹಪ್ಪಳ ಒಡೆಯದಂತೆ ಒಣಗಿಸುವುದು ಹೇಗೆ ಅಂತ ಒಂದು ವಿಡಿಯೋ ನೋಡುತ್ತೀರಿ. ಅದು ಮುಗಿದದ್ದೇ ತಡ, ನೀವು ಕೇಳದಿದ್ದರೂ ಫೋನು ತಾನಾಗಿ ಇನ್ನೊಂದನ್ನು ಶುರು ಮಾಡುತ್ತದೆ: 'ಕಾಲ ಎಂದರೇನು?' ಎದ್ದು ಕೂರುತ್ತೀರಿ. ಅದು ಅರ್ಧಕ್ಕೆ ಬರುವಷ್ಟರಲ್ಲಿ ಇಷ್ಟು ವರ್ಷ ಬದುಕಿದ್ದೇ ತಪ್ಪು ಲೆಕ್ಕದಲ್ಲಿ ಅನ್ನಿಸಿಬಿಡುತ್ತದೆ. ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸದೆ ಇರಲು ಆಗುವುದಿಲ್ಲ.

ನಾನು ಎಬ್ಬಿಸಿದೆ.

"ಏ ಸುಮಾ, ಕಾಲ ಅನ್ನೂದು ಎಲ್ಲಾರಿಗೂ ಒಂದ ಅಲ್ಲಂತ. ಒಬ್ಬರಿಗೆ ಒಂದೊಂದು ನಮೂನಿ ಹೋಗತೈತಂತ."

ನನ್ನ ಹೆಂಡತಿ ಕಣ್ಣು ಬಿಡಲಿಲ್ಲ. "ನಂಗ ಮದಿವಿ ಆದಾಗಿಂದ ಗೊತ್ತೈತಿ. ನೀವು ಐದ ನಿಮಿಷ ಅಂತ ಹೋದ್ರ ಎರಡ ತಾಸ ಬಿಟ್ಟ ಬರ್ತೀರಿ. ಮಲಕೋರಿ."

ನನ್ನ ವೈಜ್ಞಾನಿಕ ಜೀವನ ಶುರುವಾದದ್ದು ಹೀಗೆ.

ನಾನು ವೀರೇಶ. ಮೂಲ ಬನವಾಸಿ ಕಡೆ, ಈಗ ಶಿರಸಿಯಲ್ಲಿ ಒಂದು ಸಣ್ಣ ಪಾತ್ರೆ ಅಂಗಡಿ. ಪಿಯುಸಿಯಲ್ಲಿ ಕಾಮರ್ಸ್ ತೆಗೆದುಕೊಂಡದ್ದೇ ಫಿಸಿಕ್ಸಿಗೆ ಹೆದರಿ. ಅಂಥವನಿಗೆ ಐವತ್ತರ ಹತ್ತಿರ ಬಂದು ಸಾಪೇಕ್ಷತೆ ತಲೆಗೆ ಏರಿತು ಅಂದರೆ ಹೇಗಿರಬೇಡ ಯೋಚಿಸಿ. ನನಗೋ ಖುಷಿ ತಡೆಯಲು ಆಗುತ್ತಿರಲಿಲ್ಲ. ಭಾರದ ವಸ್ತು ತನ್ನ ಸುತ್ತಲಿನ ಜಾಗವನ್ನೇ ಬಗ್ಗಿಸುತ್ತದಂತೆ, ಕಾಲವನ್ನೂ ಬಗ್ಗಿಸುತ್ತದಂತೆ. ಭೂಮಿ ಸೂರ್ಯನ ಸುತ್ತ ತಿರುಗುವುದು ಯಾವುದೋ ಹಗ್ಗ ಎಳೆದದ್ದಕ್ಕಲ್ಲ, ಬಗ್ಗಿದ ಜಾಗದಲ್ಲಿ ಅದಕ್ಕೆ ಅದೇ ನೇರ ದಾರಿಯಂತೆ. ಇದನ್ನು ಕೇಳಿದ ಮೇಲೆ ಸುಮ್ಮನೆ ಕುಕ್ಕರ್ ಮಾರಿಕೊಂಡು ಇರಲು ಹೇಗೆ ಸಾಧ್ಯ?

ಅಂಗಡಿಯಲ್ಲಿ ಒಂದು ದೊಡ್ಡ ಬಾಣಲೆ ತೆಗೆದು ಅದರೊಳಗೆ ಗೋಲಿ ಬಿಟ್ಟು ತಿರುಗಿಸಿದೆ. ಅಂಚಿನಲ್ಲಿ ಜುಂಯ್ ಅಂತ ಸುತ್ತಿತು. ಬಾಣಲೆ ಕೊಳ್ಳಲು ಬಂದಿದ್ದ ಹೆಂಗಸಿಗೆ ತೋರಿಸಿದೆ. "ನೋಡ್ರಿ ಅಕ್ಕಾರ, ಇದ ಭೂಮಿ. ಯಾರೂ ಎಳಿಯಾಕತ್ತಿಲ್ಲ. ಜಾಗಾನ ಬಗ್ಗೈತಿ, ಅದಕ್ಕ ತಿರಗತೈತಿ."

ಆಕೆ ಬಾಣಲೆಯನ್ನು ಎತ್ತಿ ತಳ ನೋಡಿದಳು. "ಬಗ್ಗಿದ್ದು ಅಂತ ನೀವೇ ಹೇಳ್ತಿದ್ರಿ. ಬೇರೆ ಕೊಡಿ."

ವ್ಯಾಪಾರ ಹೋಯಿತು. ವಿಜ್ಞಾನಕ್ಕೆ ಇಂಥ ತ್ಯಾಗಗಳು ಹೊಸದಲ್ಲ.

ಗೂಡ್ಸ್ ಟೆಂಪೋ ಓಡಿಸುವ ನನ್ನ ಗೆಳೆಯ ಸಲೀಂ ದಿನಾ ಚಹಾದ ಹೊತ್ತಿಗೆ ಅಂಗಡಿ ಕಟ್ಟೆಗೆ ಬರುತ್ತಾನೆ. ಅವನಿಗೂ ಹೇಳಿದೆ. ಓಡುವ ಗಡಿಯಾರ ನಿಂತ ಗಡಿಯಾರಕ್ಕಿಂತ ನಿಧಾನ ನಡೆಯುತ್ತದೆ, ಗಾಡಿಯೊಳಗೆ ಕೂತವನ ಕಾಲವೇ ಬೇರೆ ಅಂತ.

"ಇದಕ್ಕೆ ಸೈನ್ಸ್ ಬೇಕಾ ಮಾರಾಯ?" ಅಂದ ಸಲೀಂ, ಚಹಾ ಊದುತ್ತಾ. "ಲೋಡ್ ಹಾಕ್ಕೊಂಡು ಘಟ್ಟ ಹತ್ತುವಾಗ ನಾನು ಈಗ ಹೊರಟೆ ಅಂದ್ಕೊಂಡಿರ್ತೇನೆ. ಪಾರ್ಟಿ ಫೋನ್ ಮಾಡಿ ಸಾಯಂಕಾಲ ಆಯ್ತು ಅಂತ ಬೈತದೆ."

ಒಟ್ಟಿನಲ್ಲಿ ನನ್ನ ಸುತ್ತ ಇದ್ದವರಿಗೆಲ್ಲ ಮೊದಲೇ ಗೊತ್ತಿತ್ತು. ಆಶ್ಚರ್ಯ ಪಡುತ್ತಿದ್ದವನು ನಾನೊಬ್ಬನೇ. ಆದರೂ ನಾನು ಬಿಡಲಿಲ್ಲ. ದಿನಕ್ಕೊಂದು ವಿಡಿಯೋ, ಕೆಲವೊಮ್ಮೆ ನಾಲ್ಕು. ಒಂದೇ ಒಂದು ಸಣ್ಣ ದೋಷ ನನ್ನಲ್ಲಿತ್ತು, ಈಗಲೇ ಹೇಳಿಬಿಡುತ್ತೇನೆ. ಯಾವುದನ್ನೂ ಕೊನೆಯವರೆಗೆ ನೋಡುತ್ತಿರಲಿಲ್ಲ. ಅರ್ಧಕ್ಕೆ ಬಂದಾಗ ಸಂತೋಷ ಉಕ್ಕಿ ಯಾರಿಗಾದರೂ ಹೇಳಲು ಎದ್ದು ಹೋಗಿಬಿಡುತ್ತಿದ್ದೆ.

ಹೀಗಿರುವಾಗ ಯಲ್ಲಾಪುರದಲ್ಲಿ ಕಾವ್ಯಾಳ ಕುಬಸ ಬಂತು.

ಕಾವ್ಯಾ ನನ್ನ ಹೆಂಡತಿಯ ಅಕ್ಕ ಗಿರಿಜಕ್ಕನ ಮಗಳು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಆರತಿ ಎತ್ತುವ ಕಾರ್ಯ. ಆ ಸೀರೆ ಕೊಡುವ ಮಾನವನ್ನು ನನ್ನ ಹೆಂಡತಿ ಅಕ್ಕನ ಹತ್ತಿರ ಹಟ ಹಿಡಿದು ಪಡೆದುಕೊಂಡಿದ್ದಳು. ಅದಕ್ಕೆ ಕಾರಣ ನಾನೇ. ಕಾವ್ಯಾಳ ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಜೋಡಿ ಬಾಸಿಂಗ ತರಲು ನನ್ನನ್ನು ಕಳಿಸಿದ್ದರು. ಒಂದನ್ನು ತಂದೆ. ಇನ್ನೊಂದು ಹೂವಿನ ಅಂಗಡಿಯ ಕಟ್ಟೆಯ ಮೇಲೇ ಉಳಿದಿತ್ತು. ಅಂದಿನಿಂದ ಗಿರಿಜಕ್ಕ ಯಾವ ಕಾರ್ಯದಲ್ಲೂ ನಾಲ್ಕು ಜನರ ಎದುರಿಗೆ ಹೇಳುವ ಮಾತು ಇದು: "ನಮ್ಮ ಸುಮಾನ ಗಂಡ ಎರಡ ಸಾಮಾನ ತರಬೇಕಂದ್ರ ನಾಕ ಹೇಳ್ಬೇಕು. ಅಂದ್ರ ಎರಡ ಬರ್ತಾವ."

ಗಿರಿಜಕ್ಕ ಸಾಮಾನ್ಯರಲ್ಲ. ಅವರು ಕೂತ ಕಡೆ ಇಡೀ ನೆಂಟಸ್ತಿಕೆಯೇ ಬಗ್ಗುತ್ತದೆ, ನಾವೆಲ್ಲ ಸುತ್ತ ತಿರುಗುತ್ತೇವೆ. ಅವರ ಬಾಯಿ ಮುಚ್ಚಿಸುವಂಥ ಒಂದು ಸೀರೆ ಕೊಡಬೇಕು ಅಂತ ಸುಮಾ ಪೇಟೆಯ ಅಂಗಡಿಗಳನ್ನೆಲ್ಲ ಜಾಲಾಡಿ, ಕೆಂಪು ಅಂಚಿನ ಒಂದು ಹಸಿರು ರೇಷ್ಮೆ ಸೀರೆ ಹುಡುಕಿದ್ದಳು. ಮನೆಗೆ ತಂದು ನನಗೆ ಬಿಚ್ಚಿ ತೋರಿಸಿದ್ದಳಂತೆ. ನಾನು "ಭಾಳ ಛಲೋ ಐತಿ" ಅಂದಿದ್ದೆನಂತೆ. ಆಗ ನನ್ನ ಕಣ್ಣು ಫೋನಿನೊಳಗಿನ ಕಪ್ಪುಕುಳಿಯ ಮೇಲಿತ್ತು.

ಅಕ್ಕನಿಗೆ ಕೈ ಜೋಡಿಸಲೆಂದು ಸುಮಾ ಹಿಂದಿನ ದಿನವೇ ಯಲ್ಲಾಪುರಕ್ಕೆ ಹೊರಟಳು. ಸೀರೆಯ ಜೊತೆ ತೊಡಿಸುವ ಕುಬಸ, ಅಂದರೆ ರವಿಕೆ, ಮಾತ್ರ ಟೇಲರ್ ಹತ್ತಿರ ಉಳಿದಿತ್ತು, ಬೆಳಿಗ್ಗೆ ಕೊಡುತ್ತೇನೆ ಅಂದಿದ್ದ. ಹೊರಡುವಾಗ ಬಾಗಿಲಲ್ಲಿ ನಿಂತು ನನಗೆ ಅಪ್ಪಣೆಯಾಯಿತು.

"ಒಂದ ಕೆಲಸಾ ಹೇಳಿ ಹೊಂಟೇನಿ. ಕುಬಸ ಇಸಕೋರಿ. ಸೀರಿ ಜೋಡಿ ಆ ಬಟ್ಟಿ ಚೀಲದಾಗ ಇಡ್ರಿ. ಮುಂಜಾನೆ ಬಸ್ಸಿಗೆ ಕುಂಡ್ರಿ, ಯಲ್ಲಾಪುರದಾಗ ಇಳೀರಿ. ದಾರಿಯೊಳಗ ಯಾರಿಗೂ ವಿಶ್ವ ತೋರಿಸಾಕ ಹೋಗಬ್ಯಾಡ್ರಿ. ನಮ್ಮಕ್ಕನ ಮುಂದ ನನ್ನ ಮಾರಿ ಉಳಸ್ರಿ, ಇದೊಂದ ಸಲ."

"ಇದೇನ ರಾಕೆಟ್ ವಿಜ್ಞಾನ ಅಲ್ಲ, ನೀ ನಿಶ್ಚಿಂತಿ ಹೋಗು" ಅಂದೆ.

ಆ ಬಟ್ಟೆ ಚೀಲ ಅಂದರೆ ಕಾವ್ಯಾಳ ಮದುವೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಬಂದವರಿಗೆಲ್ಲ ಕೊಟ್ಟಿದ್ದು. ಹಳದಿ ಬಣ್ಣ, ಮೇಲೆ ವಧೂವರರ ಹೆಸರು, ಕೆಳಗೆ ಗಿರಿಜಕ್ಕನ ಗಂಡನ ಹೆಸರು, ಯಲ್ಲಾಪುರ. ಗಟ್ಟಿ ಚೀಲ. ನಮ್ಮ ಮನೆಯಲ್ಲಿ ಈರುಳ್ಳಿಯಿಂದ ಹಿಡಿದು ಆಧಾರ್ ಕಾರ್ಡಿನವರೆಗೆ ಎಲ್ಲ ಪ್ರಯಾಣ ಅದರಲ್ಲೇ.

ಬೆಳಿಗ್ಗೆ ಎಲ್ಲವೂ ಸರಿಯಾಗಿ ನಡೆಯಿತು. ಟೇಲರ್ ಕುಬಸ ಕೊಟ್ಟ. ಸುಮಾ ಪೇಪರಿನಲ್ಲಿ ಸುತ್ತಿಟ್ಟಿದ್ದ ಸೀರೆ ಇಟ್ಟೆ, ಕುಬಸ ಇಟ್ಟೆ, ಎರಡೂ ಇವೆಯಾ ಅಂತ ಎರಡು ಸಲ ನೋಡಿದೆ. ಶಿರಸಿ ಬಸ್ ಸ್ಟ್ಯಾಂಡಿಗೆ ಬಂದರೆ ಯಲ್ಲಾಪುರ ಬಸ್ಸು ನಿಂತಿತ್ತು, ಬಾಗಿಲಲ್ಲಿ ಜಾತ್ರೆಯಂಥ ಜನ. ನಾನು ಅನುಭವಸ್ಥ. ಕಿಟಕಿಯ ಹತ್ತಿರ ಹೋಗಿ ಚೀಲವನ್ನು ಒಳಗೆ ಎಸೆದೆ, ಸೀಟು ಹಿಡಿದೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬಸ್ಸಿನ ಸೀಟಿಗೆ ಬರೆಯದ ಒಂದು ಸಂವಿಧಾನ ಇದೆ. ಕಿಟಕಿಯಿಂದ ಒಳಗೆ ಬಿದ್ದ ವಸ್ತುವೇ ಸೀಟಿನ ಒಡೆಯ. ಅದು ಟವೆಲ್ ಆಗಬಹುದು, ಕೊಡೆ ಆಗಬಹುದು. ಒಮ್ಮೆ ಒಂದು ಸೌತೆಕಾಯಿ ಸೀಟು ಹಿಡಿದು ಕೂತದ್ದನ್ನೂ, ಸುತ್ತ ದೊಡ್ಡವರೆಲ್ಲ ಕಂಬಿ ಹಿಡಿದು ನಿಂತದ್ದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಮಾಲೀಕ ಎಲ್ಲಿದ್ದಾನೆ ಅಂತ ಯಾರೂ ಕೇಳುವುದಿಲ್ಲ. ಇದ್ದೇ ಇರುತ್ತಾನೆ ಅಂತ ಎಲ್ಲರ ನಂಬಿಕೆ.

ಒಳಗೆ ಹತ್ತಿ ನನ್ನ ಸೀಟಿನಲ್ಲಿ ಕೂತೆ. ಡ್ರೈವರ್ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲೇ ಒತ್ತಿಕೊಂಡಂತೆ ಸಿದ್ದಾಪುರ ಬಸ್ಸು. ಅದರ ಕಿಟಕಿಯಲ್ಲಿ, ನನ್ನ ಮುಖಕ್ಕೆ ಸರಿಯಾಗಿ, ನಮ್ಮ ಅಂಗಡಿಯ ಹಳೆಯ ಗಿರಾಕಿ ಹೆಗಡೆರು.

"ಎಂತ ವೀರೇಶಣ್ಣ, ಸವಾರಿ ಎಲ್ಲಿಗೆ?"

"ಯಲ್ಲಾಪುರಕ್ಕರಿ, ಕುಬಸ ಐತಿ. ಅದಿರ್ಲಿ ಹೆಗಡೇರ, ನಿಮ್ಮ ಬಸ್ಸು ಈಗ ನಿಂತೈತೋ ಓಡಾಕತ್ತೈತೋ?"

ಹೆಗಡೆರು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದರು. "ನಿಂತಿದ್ದು ಮಾರಾಯ. ಡ್ರೈವರು ಅಲ್ಲಿ ಚಾ ಕುಡೀತಾ ಇದ್ದ."

"ಯಾರ ಲೆಕ್ಕದಾಗ ನಿಂತೈತಿ?"

"ಎಂತದು?"

ಡ್ರೈವರುಗಳು ಚಾಲೂ ಇಟ್ಟೇ ಇಳಿದು ಹೋಗಿದ್ದರು, ಎರಡೂ ಬಸ್ಸಿನ ಇಂಜಿನ್ ಗುಡುಗುಡು ಅನ್ನುತ್ತಿತ್ತು. ಕಿಟಕಿಯಿಂದ ಕಿಟಕಿಗೆ ಕೂಗಿ ಹೇಳುವಂಥ ವಿಷಯ ಅದಲ್ಲ. ಬೆಳಿಗ್ಗೆ ತಿಂಡಿ ತಿನ್ನುವಾಗ ನೋಡಿದ ವಿಡಿಯೋ ಮನಸ್ಸಿನಲ್ಲಿ ಇನ್ನೂ ಬಿಸಿ ಇತ್ತು: ಒಂದೇ ಸಮ ಓಡುವ ಗಾಡಿಯೊಳಗೆ ಕೂತವನಿಗೆ ತಾನು ಓಡುತ್ತಿದ್ದೇನೋ ನಿಂತಿದ್ದೇನೋ ಅಂತ ಯಾವ ಪ್ರಯೋಗದಿಂದಲೂ ಗೊತ್ತಾಗುವುದಿಲ್ಲ. ಎದುರಿಗೆ ಎರಡು ಬಸ್ಸು, ಅಕ್ಕಪಕ್ಕ. ಇಂಥ ಪ್ರಯೋಗಾಲಯ ಮತ್ತೆ ಸಿಗುತ್ತದೆಯೇ? ನನಗೆ ಮೈಯೆಲ್ಲ ಜುಮ್ಮೆಂದಿತು. ಎದ್ದೆ.

"ಬಂದ್ನಿ ತಡೀರಿ, ತೋರಸ್ತೇನಿ."

"ಅಲ್ಲ, ನಿನ್ನ ಸೀಟು?"

"ಚೀಲ ಐತ್ರಿ."

ಇಳಿದು ಸಿದ್ದಾಪುರ ಬಸ್ಸು ಹತ್ತಿದೆ. ಹೆಗಡೆರು ಸರಿದು ಜಾಗ ಕೊಟ್ಟರು. ಫೋನು ತೆಗೆದು ವಿಡಿಯೋ ಹಚ್ಚಿದೆ, ನಡುನಡುವೆ ನಿಲ್ಲಿಸಿ ನಾನೇ ವಿವರಿಸಿದೆ. ಹೆಗಡೆರು ಒಳ್ಳೆಯ ಶಿಷ್ಯ, ಪ್ರತಿ ಮಾತಿಗೂ "ಹೌದನಾ?" ಅನ್ನುತ್ತಿದ್ದರು. ಹಿಂದಿನ ಸೀಟಿನವರೂ ತಲೆ ಮುಂದೆ ಚಾಚಿದರು. ನಾನು ಕಿಟಕಿಯಾಚೆಯ ಯಲ್ಲಾಪುರ ಬಸ್ಸು ತೋರಿಸಿ ಹೇಳಿದೆ: "ಈಗ ಆ ಬಸ್ಸು ಅಲಗ್ಯಾಡಿತು ಅಂತ ತಿಳೀರಿ. ನಮಗ ಅನಸೂದು ನಾವ ಹೊಂಟೇವಿ ಅಂತ. ಯಾರು ಹೊಂಟಾರು ಅಂತ ಹೇಳಾಕ ಬರೂದ ಇಲ್ಲ."

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಅದು ಅಲುಗಾಡಿತು.

ಎಂಥ ದೃಶ್ಯ ಅಂತೀರಿ! ಒಂದೊಂದೇ ಕಿಟಕಿ ಮೆಲ್ಲಗೆ ಹಿಂದೆ ಸರಿಯಿತು, ನಮ್ಮ ಬಸ್ಸು ಮುಂದೆ ತೇಲಿದ ಹಾಗೆ ಆಯಿತು. ನಾನು ಎದ್ದು ನಿಂತು ಬಸ್ಸಿಗೆಲ್ಲ ಕೇಳುವಂತೆ ಹೇಳಿದೆ. "ಎಡಕ್ಕ ನೋಡ್ರಿ ಎಲ್ಲಾರೂ, ಎಡಕ್ಕ ನೋಡ್ರಿ. ಇದಪಾ ಸಾಪೇಕ್ಷತೆ ಅಂದ್ರ."

"ಹೌದಲ ಮಾರಾಯ" ಅಂದರು ಹೆಗಡೆರು ಬೆರಗಾಗಿ. "ನಾವೇ ಹೊರಟ ಹಾಂಗೆ ಆತು."

"ಈಗ ಹೇಳ್ರಿ. ಯಾವ ಬಸ್ಸು ಹೊಂಟೈತಿ?"

"ನಿಂದು."

"ಅದನ್ನ ಹೆಂಗ ಹೇಳ್ತೀರಿ? ಯಾವ ಪ್ರಯೋಗದಿಂದಾನೂ..."

"ನಿನ್ನ ಬಸ್ಸು ಅಲ್ಲಿ ಇಲ್ಲ ಮಾರಾಯ."

ಬಲಕ್ಕೆ ನೋಡಿದೆ. ಬಸ್ ಸ್ಟ್ಯಾಂಡಿನ ಕಂಬ ಇದ್ದಲ್ಲೇ ಇತ್ತು. ಕಂಬಕ್ಕೆ ಒರಗಿದ್ದ ಮನುಷ್ಯ ಇದ್ದಲ್ಲೇ ಇದ್ದ. ಎಡಕ್ಕೆ ನೋಡಿದರೆ ಖಾಲಿ ಜಾಗ, ಯಲ್ಲಾಪುರ ಬಸ್ಸು ರಿವರ್ಸ್ ತೆಗೆದು ಹೊರಟುಹೋದ ಒಂದಿಷ್ಟು ಹೊಗೆ.

ಗಾಡಿ ಒಂದೇ ಸಮ ಓಡುವಾಗ ಮಾತ್ರ ಆ ಮಾತು ನಿಜವಂತೆ. ಹೊರಡುವಾಗ, ನಿಲ್ಲುವಾಗ ಮೈ ಜಗ್ಗುತ್ತದೆ, ಅದರಿಂದ ಯಾರು ಹೊರಟರು ಅಂತ ಗೊತ್ತಾಗುತ್ತದಂತೆ. ಇದನ್ನು ವಿಡಿಯೋದ ಕೊನೆಯಲ್ಲಿ ಹೇಳಿದ್ದರು. ಅಲ್ಲದೆ ನಮ್ಮ ಬಸ್ಸುಗಳು ನಿಂತಲ್ಲೇ ಎಷ್ಟು ನಡುಗುತ್ತವೆ ಅಂದರೆ, ಜಗ್ಗಿತೋ ಇಲ್ಲವೋ ಅಂತ ಯಾವ ವಿಜ್ಞಾನಿಗೂ ಹೇಳಲು ಬರುವುದಿಲ್ಲ.

"ನನ್ನ ಚೀಲ" ಅಂದೆ. ಬಾಗಿಲ ಕಡೆ ನುಗ್ಗಿದೆ. ಅಷ್ಟರಲ್ಲಿ ಚಹಾ ಮುಗಿಸಿದ ಸಿದ್ದಾಪುರದ ಡ್ರೈವರ್ ಗೇರ್ ಹಾಕಿಬಿಟ್ಟಿದ್ದ. ಈ ಸಲ ಮೈ ಸರಿಯಾಗಿ ಜಗ್ಗಿತು, ನಾನು ಯಾರದೋ ಹಲಸಿನಕಾಯಿಯ ಮೇಲೆ ಬಿದ್ದೆ.

"ಎಲ್ಲಿಗೆ?" ಅಂದ ಕಂಡಕ್ಟರ್.

"ಯಲ್ಲಾಪುರ."

"ಇದು ಸಿದ್ದಾಪುರ ಗಾಡಿ."

"ನನ್ನ ಚೀಲ ಯಲ್ಲಾಪುರಕ್ಕ ಹೊಂಟೈತ್ರಿ."

"ಹಾಂಗಾದ್ರೆ ಚೀಲದ ಟಿಕೆಟ್ ಅಲ್ಲಿ ತಗೊಳ್ತದೆ, ನಿಮ್ಮದು ಇಲ್ಲಿ ತಗೊಳ್ಳಿ. ಹಿಂದೆ ಗಾಡಿ ಇದೆ, ನಿಲ್ಲಿಸಕ್ಕೆ ಬರಲ್ಲ. ಮುಂದಿನ ಸ್ಟಾಪಿನಲ್ಲಿ ಇಳೀರಿ."

ಆಗ ಫೋನು ಹೊಡೆದುಕೊಂಡಿತು. ಸುಮಾ.

"ಸೀರಿ ಎಲ್ಲೈತ್ರಿ?"

ಸುಳ್ಳು ಹೇಳುವುದು ನನ್ನ ಸ್ವಭಾವ ಅಲ್ಲ. ನಿಜ ಹೇಳುವ ಧೈರ್ಯವೂ ಇರಲಿಲ್ಲ. "ಸೀರಿ ಬಸ್ಸಿನ್ಯಾಗ ಐತಿ" ಅಂದೆ.

"ನೀವು?"

"ನಾನೂ ಬಸ್ಸಿನ್ಯಾಗ ಅದೇನಿ."

ಎರಡೂ ಅಪ್ಪಟ ಸತ್ಯ. ಸೀರೆ ಉತ್ತರಕ್ಕೆ ಹೊರಟಿತ್ತು, ನಾನು ದಕ್ಷಿಣಕ್ಕೆ. ಅವಳು ಮುಂದೇನೋ ಕೇಳುವಷ್ಟರಲ್ಲಿ ಫೋನು ಕಪ್ಪಾಯಿತು. ಬೆಳಗಿನಿಂದ ವಿಶ್ವ ತೋರಿಸಿ ತೋರಿಸಿ ಅದರ ಚಾರ್ಜು ಮುಗಿದಿತ್ತು.

ಊರ ಅಂಚಿನಲ್ಲಿ ಇಳಿದೆ. ಹೆಗಡೆರು ಕಿಟಕಿಯಿಂದ ಕೈ ಬೀಸಿ, "ಈಗ ನೀನು ಹಿಂದೆ ಹೋಗ್ತಾ ಇದ್ದಿ ವೀರೇಶಣ್ಣ, ನಾವು ನಿಂತಿದ್ದು" ಅಂದರು. ಪಾಠ ಅವರಿಗೆ ಸರಿಯಾಗಿ ಹತ್ತಿತ್ತು.

ಆಟೋ ಹಿಡಿದು ಗೂಡ್ಸ್ ಟೆಂಪೋಗಳು ನಿಲ್ಲುವಲ್ಲಿಗೆ ಬಂದೆ. ಪುಣ್ಯಕ್ಕೆ ಸಲೀಂ ಅಲ್ಲೇ ಇದ್ದ, ಇಡಗುಂದಿಗೆ ಪ್ಲಾಸ್ಟಿಕ್ ಪೈಪುಗಳ ಲೋಡು ಕಟ್ಟುತ್ತಿದ್ದ. ಯಲ್ಲಾಪುರ ದಾಟಿಯೇ ಹೋಗಬೇಕು. ನಡೆದದ್ದನ್ನು ಹೇಳಿದೆ. ಅವನು ಹಗ್ಗದ ಗಂಟು ಬಿಗಿಯುತ್ತಾ ಕೇಳಿದ, "ಅಂದ್ರೆ ನಿನ್ನ ಕಣ್ಣೆದುರೇ ಬಸ್ ಹೋಯ್ತು?"

"ಹೌದು."

"ನೀನು ಚಪ್ಪಾಳೆ ತಟ್ಟಿದಿ?"

"ಚಪ್ಪಾಳಿ ತಟ್ಟಲಿಲ್ಲ. ಎಲ್ಲಾರಿಗೂ ತೋರಿಸಿದೆ."

"ಹತ್ತು" ಅಂದ ಸಲೀಂ.

ದಾರಿಯಲ್ಲಿ ಒಂದು ತಿರುವು ಕಳೆದ ಮೇಲೆ ಮುಂದೆ ಕೆಂಪು ಬಸ್ಸಿನ ಬೆನ್ನು ಕಂಡಿತು. ನನ್ನ ಜೀವ ಮರಳಿತು. ಸಲೀಂ ಎಷ್ಟು ಓಡಿಸಿದರೂ ಅದು ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ. "ನಮ್ಮ ಸಾಪೇಕ್ಷ ವೇಗ ಸೊನ್ನೆ ಐತಿ ನೋಡು" ಅಂದೆ, ತಡೆಯಲಾಗದೆ.

"ಇನ್ನೊಂದು ಮಾತಾಡಿದರೆ ನಿನ್ನನ್ನ ಪೈಪಿನ ಜೊತೆ ಹಿಂದೆ ಕೂರಿಸ್ತೇನೆ."

ಕೊನೆಗೂ ಅದು ಒಂದು ಸ್ಟಾಪಿನಲ್ಲಿ ನಿಂತಿತು. ಓಡಿ ಹತ್ತಿದೆ. ಬಲಗಡೆ ಮೂರನೇ ಸೀಟು. ಅಲ್ಲಿ ಒಬ್ಬ ಅಜ್ಜ ನಿದ್ದೆ ಮಾಡುತ್ತಿದ್ದ.

"ಚೀಲ?" ಅಂದೆ.

"ಯಾರ ಚೀಲ?" ಅಂದ ಕಂಡಕ್ಟರ್. ಸುತ್ತ ಇದ್ದವರು ನಿಜವಾಗಿಯೂ ಒಳ್ಳೆಯ ಜನ. ಒಬ್ಬೊಬ್ಬರೂ ತಮ್ಮ ಚೀಲ ಎತ್ತಿ ತೋರಿಸತೊಡಗಿದರು. "ಇದಾ? ಇದಲ್ದಾ? ಇದು ನೋಡಿ." ಅದು ಯಲ್ಲಾಪುರ ಬಸ್ಸೇ ಅಲ್ಲ, ನಡುವೆ ಒಳಗಿನ ಹಳ್ಳಿಗೆ ತಿರುಗುವ ಬಸ್ಸು. ಧೂಳು ಮೆತ್ತಿದ ಹಿಂದಿನ ಬೋರ್ಡು ಓದಲು ಬಂದಿರಲಿಲ್ಲ.

ಕೆಳಗಿಳಿದು ಸಲೀಂಗೆ ಹೇಳಿದೆ, "ಈ ಬಸ್ಸು ಎಲೆಕ್ಟ್ರಾನ್ ಹಂಗ ಅದಾವು. ಎಲ್ಲಾ ಒಂದ ನಮೂನಿ. ಯಾವುದು ಯಾವುದು ಅಂತ ಗುರ್ತ ಹಿಡಿಯಾಕ ಬರೂದಿಲ್ಲ."

 ಸಲೀಂ ಹಿಂದೆ ಪೈಪಿನ ಕಡೆ ಬೆರಳು ತೋರಿಸಿದ. ನಾನು ಬಾಯಿ ಮುಚ್ಚಿದೆ.

ನಿಜವಾದ ಬಸ್ಸು ಅಷ್ಟರಲ್ಲಿ ದಾರಿಯಲ್ಲಿ ಸಿಗುವ ಉಮ್ಮಚಗಿ ಊರನ್ನು ದಾಟಿ ಹೋಗಿಯಾಗಿತ್ತು. ಉಳಿದ ದಾರಿಯಲ್ಲಿ ನಾನು ಮಾಡಿದ್ದು 'ಸೀರಿ ಎಲ್ಲಿ?' ಅಂತ ಕೇಳಿದರೆ ಏನು ಹೇಳುವುದು ಅಂತ ತಯಾರಿ.  ನನ್ನ ಮಾನ ಹೋದರೆ ಹೋಗಲಿ, ಅದು ಬಾಸಿಂಗದ ಜೊತೆಗೇ ಹೋಗಿತ್ತು. ಸುಮಾ ತಿಂಗಳುಗಟ್ಟಲೆ ಕನಸು ಕಂಡ ಒಂದು ಗಳಿಗೆ ಇತ್ತು, ಅಕ್ಕನ ಎದುರು ಆ ಸೀರೆ ಬಿಚ್ಚುವ ಗಳಿಗೆ. ಅದನ್ನು ನಾನು ಕಿಟಕಿಯಿಂದ ಒಳಗೆ ಎಸೆದು ಬಂದಿದ್ದೆ.

ಆಗ ಹೊಳೆದದ್ದು ಕ್ವಾಂಟಂ. ನೋಡುವವರೆಗೂ ಒಂದು ಕಣ ಎರಡು ಸ್ಥಿತಿಯಲ್ಲೂ ಇರುತ್ತದೆ. ಪೆಟ್ಟಿಗೆಯೊಳಗಿನ ಬೆಕ್ಕು ಮುಚ್ಚಳ ತೆಗೆಯುವವರೆಗೆ ಬದುಕಿಯೂ ಇರುತ್ತದೆ, ಸತ್ತೂ ಇರುತ್ತದೆ. ಹಾಗಾದರೆ ಸೀರೆ? ಯಾರೂ ನೋಡಿಲ್ಲ. ಆದ್ದರಿಂದ ಅದು ಕಳೆದಿಲ್ಲ. ಪೂರ್ತಿ ಕಳೆದಿಲ್ಲ.

ಗಿರಿಜಕ್ಕನ ಮನೆಯ ಓಣಿಯ ತುದಿಯಲ್ಲಿ ಸಲೀಂ ಇಳಿಸಿದ. "ನೋಡು ಭಾಯಿ, ಮೊದಲು ಒಳಗೆ ಹೋಗಿ ಸುಮ್ಮನೆ ನೋಡು. ಆಮೇಲೆ ಬಾಯಿ ಬಿಡು" ಅಂದ. ವಿಜ್ಞಾನದ ಮೊದಲ ಪಾಠವೂ ಅದೇ, ಮೊದಲು ನೋಡುವುದು. ನಾನು ಅದನ್ನೂ ಅರ್ಧಕ್ಕೇ ಕೇಳಿ ಹೊರಟೆ.

ಬಾಗಿಲ ತುಂಬ ಚಪ್ಪಲಿ. ಒಳಗೆ ಆರತಿ ಹಾಡು ಮುಗಿಯುತ್ತಿತ್ತು. ಕಾವ್ಯಾ ಹೂವು ಕಟ್ಟಿದ ಕುರ್ಚಿಯಲ್ಲಿ ಕೂತಿದ್ದಳು, ಕೈ ತುಂಬ ಹಸಿರು ಬಳೆ. ಸುತ್ತ ಹೆಂಗಸರು. ನನ್ನ ಕಂಡದ್ದೇ ಗಿರಿಜಕ್ಕ ಧ್ವನಿ ಎತ್ತಿದರು.

"ಬರ್ರಿ ಬರ್ರಿ ವೀರೇಶಪ್ಪನಾರ. ಏನ ತಲಿ ಐತ್ರಿ ನಿಮ್ದು. ಇಂಥಾ ವಿಚಾರ ನಿಮಗಷ್ಟ ಹೊಳಿಯಾಕ ಸಾಧ್ಯ."

ಎಷ್ಟೋ ವರ್ಷದಿಂದ ಗಿರಿಜಕ್ಕನ ಬಾಯಲ್ಲಿ ನನ್ನ ಬಗ್ಗೆ ಬಂದ ಹೊಗಳಿಕೆಯೆಲ್ಲ ಚುಚ್ಚುಮಾತೇ. ಇದೂ ಅದೇ ಅಂದುಕೊಂಡೆ. ಸುದ್ದಿ ಮುಟ್ಟಿದೆ, ಎಲ್ಲರಿಗೂ ಗೊತ್ತಾಗಿದೆ. ಅಡಿಗೆಮನೆ ಬಾಗಿಲಲ್ಲಿ ಸುಮಾ ನಗುತ್ತಾ ನಿಂತಿದ್ದಳು. ಆ ನಗು ಕಂಡು ಇನ್ನೂ ಹೆದರಿದೆ. ನಡುಮನೆಯಲ್ಲಿ ನಿಂತು, ಕೈಜೋಡಿಸಿ, ಶುರು ಮಾಡಿದೆ.

"ಗಿರಿಜಕ್ಕಾ, ತಪ್ಪಾತು. ಸುಮಾಂದು ಏನೂ ತಪ್ಪಿಲ್ಲ, ಎಲ್ಲಾ ನಂದ. ಸೀರಿ ಇದ್ದ ಬಸ್ಸು ನನ್ನ ಕಣ್ಮುಂದ ಹೊಂಟಿತು, ನಾ ಸಿದ್ದಾಪುರ ಬಸ್ಸಿನ್ಯಾಗ ಕುಂತ ಹೆಗಡೇರಿಗೆ ಸಾಪೇಕ್ಷತೆ ಹೇಳಾಕತ್ತಿದ್ದೆ. ನಮ್ಮ ಬಸ್ಸ ಹೊಂಟೈತಿ ಅಂತ ತಿಳದೆ. ಆದ್ರ ಸೀರಿ ಕಳದೈತಿ ಅಂತ ಯಾರೂ ತಿಳಕೋಬ್ಯಾಡ್ರಿ. ಯಾರರ ನೋಡೂತನಕ ಅದು ಐತಿ ಅಂತಾನೂ ಹೇಳಾಕ ಬರೂದಿಲ್ಲ, ಇಲ್ಲ ಅಂತಾನೂ ಹೇಳಾಕ ಬರೂದಿಲ್ಲ. ಎರಡೂ ಸ್ಥಿತಿಯೊಳಗ ಇರತೈತಿ."

 ಸುಮಾಳ ನಗು ಮೆಲ್ಲಗೆ ಆರಿತು.

"ಕಾಕಾ" ಅಂದಳು ಕಾವ್ಯಾ. "ನನ್ನ ನೋಡ್ರಿ."

"ನೋಡಾಕತ್ತೇನವಾ. ಛಂದ ಕಾಣಾಕತ್ತಿ."

"ಸೀರಿ ನೋಡ್ರಿ."

"ಸೀರೀನೂ ಭಾಳ ಛಲೋ ಐತಿ. ಯಾರ ಕೊಟ್ಟಾರ?"

ಮುಂದೆ ಆದದ್ದನ್ನು ವಿವರಿಸಲು ನನ್ನ ಪೆನ್ನಿಗೆ ಶಕ್ತಿ ಇಲ್ಲ. ಮೂಲೆಯಲ್ಲಿ ಒಬ್ಬರು ಅಕ್ಷತೆ ತಟ್ಟೆ ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡರು. ಅವರೇ ಪಾರ್ವತಕ್ಕ, ಗಿರಿಜಕ್ಕನ ಉಮ್ಮಚಗಿಯ ಗೆಳತಿ. ನಡೆದದ್ದು ಅವರಿಂದ ತಿಳಿಯಿತು.

ಉಮ್ಮಚಗಿಯಲ್ಲಿ ಅವರು ಬಸ್ಸು ಹತ್ತಿದಾಗ ಕಾಲಿಡಲು ಜಾಗ ಇರಲಿಲ್ಲ. ಜನ ಒಬ್ಬರ ಮೇಲೊಬ್ಬರು ನಿಂತಿದ್ದರು. ಆದರೆ ಒಂದು ಸೀಟಿನಲ್ಲಿ ಹಳದಿ ಚೀಲ ಒಂದೇ ಆರಾಮಾಗಿ ಕೂತಿತ್ತು. ಶಿರಸಿಯಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಪಾರ್ವತಕ್ಕ ಚೀಲದ ಮೇಲಿನ ಹೆಸರು ಓದಿದರು. ಕಾವ್ಯಾ, ಅವಳ ಗಂಡ, ಯಲ್ಲಾಪುರದ ಮನೆ. "ಇದ ಮನೀಗ ನಾ ಹೊಂಟೇನಿ" ಅಂತ ಕಂಡಕ್ಟರಿಗೆ ಹೇಳಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೀಟಿನಲ್ಲಿ ಕೂತು ಬಂದರು. ಹೊತ್ತಿಗೆ ಸರಿಯಾಗಿ ಮುಟ್ಟಿಸಿದರು. ಸುಮಾ ಅಕ್ಕನ ಎದುರು ಸೀರೆ ಬಿಚ್ಚಿದಳು. ಗಿರಿಜಕ್ಕ ಅಂಚು ಹಿಡಿದು ನೋಡಿ, ಜೀವಮಾನದಲ್ಲಿ ಮೊದಲ ಸಲ ಏನೂ ಹೇಳಲಿಲ್ಲವಂತೆ.

ಇಷ್ಟೇ ಅಲ್ಲ. ಫೋನಿನಲ್ಲಿ ನಾನು ಹೇಳಿದ್ದೇನು? ಸೀರೆ ಬಸ್ಸಿನಲ್ಲಿದೆ, ನಾನೂ ಬಸ್ಸಿನಲ್ಲಿದ್ದೇನೆ. ಸುಮಾ ಅದನ್ನು ಅರ್ಥ ಮಾಡಿಕೊಂಡದ್ದು ಹೀಗೆ: ಗಂಡ ಅಂಗಡಿಯಲ್ಲಿ ತಡವಾದರೆ ಕಷ್ಟ ಅಂತ ಸೀರೆಯನ್ನು ಮೊದಲ ಬಸ್ಸಿಗೆ ಕಳಿಸಿ, ತಾನು ಹಿಂದಿನ ಬಸ್ಸಿಗೆ ಹತ್ತಿದ್ದಾನೆ. ಹೆಸರಿರುವ ಚೀಲ ಬೇಕಂತಲೇ ಆರಿಸಿದ್ದಾನೆ. ಅದನ್ನು ಬಂದವರಿಗೆಲ್ಲ ಹೇಳಿ ಮುಗಿಸಿದ್ದಳು. ಗಿರಿಜಕ್ಕನ ಹೊಗಳಿಕೆ ನಿಜವಾದ ಹೊಗಳಿಕೆಯೇ ಆಗಿತ್ತು.

ಅಂದರೆ ಬಾಯಿ ತೆರೆಯುವವರೆಗೆ ನಾನು ಜಾಣನೂ ಆಗಿದ್ದೆ, ದಡ್ಡನೂ ಆಗಿದ್ದೆ. ತೆರೆದ ಕೂಡಲೇ ಒಂದೇ ಸ್ಥಿತಿ ಉಳಿಯಿತು.

"ಸುಮ್ನ ಬಂದ ಉಂಡ ಹೋಗಿದ್ರ ಸಾಕಾಗಿತ್ತಲ್ರೀ ಅಳಿಯಂದ್ರ" ಅಂದರು ಒಳಗಿನಿಂದ ನಮ್ಮ ಅತ್ತೆ, ನಿಜವಾದ ಮರುಕದಿಂದ. ಗಿರಿಜಕ್ಕ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದರು. ಬಾಸಿಂಗದ ಕಥೆ ಅವತ್ತಿಗೆ ನಿವೃತ್ತಿ ಆಯಿತು. ಅದರ ಜಾಗಕ್ಕೆ ಇದು ಬಂತು.

ಸಂಜೆ ವಾಪಸು ಬರುವಾಗ ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ ಸುಮಾ ಕಿಟಕಿ ಪಕ್ಕ ಕೂತಳು, ನಾನು ಅವಳ ಪಕ್ಕ.  ಪಕ್ಕದಲ್ಲಿ ಇನ್ನೊಂದು ಬಸ್ಸು ನಿಂತಿತ್ತು. ಸ್ವಲ್ಪ ಹೊತ್ತಿಗೆ ಅವಳು ಗಾಬರಿಯಾಗಿ ನನ್ನ ತೋಳು ಹಿಡಿದಳು.

"ಅಯ್ಯ, ಕಂಡಕ್ಟರ ಬಂದ ಇಲ್ಲ, ಬಸ್ಸ ಹೊಂಟಿತಲ್ರಿ."

ನಾನು ಹಲ್ಲು ಕಚ್ಚಿ ಸುಮ್ಮನೆ ಕೂತೆ. ಅಷ್ಟು ಕಷ್ಟ ನಾನು ಜೀವನದಲ್ಲಿ ಪಟ್ಟಿಲ್ಲ. ಅವಳು ಈ ಕಡೆ ತಿರುಗಿ ಕಂಬ ನೋಡಿದಳು, ಆ ಕಡೆ ತಿರುಗಿ ಹೋಗುತ್ತಿದ್ದ ಬಸ್ಸು ನೋಡಿದಳು. ಮತ್ತೆ ಕಂಬ ನೋಡಿದಳು.

"ಇದನ್ನ ಹೇಳಾಕ ಅಷ್ಟೆಲ್ಲಾ ಒದ್ದಾಡಿದ್ರಿ?"

"ಹೂಂ."

ಸೆರಗು ಸರಿಮಾಡಿಕೊಂಡು ಮತ್ತೆ ಕಿಟಕಿ ಕಡೆ ತಿರುಗಿದಳು. "ಛಲೋ ಐತಿ" ಅಂದಳು.

ನನ್ನ ಎದೆ ಉಬ್ಬಿತು. ವಿವರಿಸಲು ಬಾಯಿ ತೆರೆದೆ. ಅವಳು ಕಿಟಕಿಯಾಚೆ ನೋಡುತ್ತಲೇ ಮುಗಿಸಿದಳು: "ಆದ್ರ ಕೂಸಿನ ತೊಟ್ಟಲಕ್ಕ ನೀವು ಏನೂ ತರಾಕ ಹೋಗಬ್ಯಾಡ್ರಿ. ಚೀಲ ಒಂದ ಕಳಸ್ರಿ. ಅದು ಬರೋಬ್ಬರಿ ಬರತೈತಿ."

ಈಗ ಆ ಹಳದಿ ಚೀಲಕ್ಕೆ ನಮ್ಮ ಮನೆಯಲ್ಲಿ ನನಗಿಂತ ಮೇಲಿನ ಗೂಟ ಸಿಕ್ಕಿದೆ. ನಾನು ವಿಡಿಯೋಗಳನ್ನು ಕೊನೆಯವರೆಗೆ ನೋಡಲು ಕಲಿಯುತ್ತಿದ್ದೇನೆ. ಇರಲಿ, ನನ್ನದಾಯಿತು. ಏನೋ ಹೊಸದು ತಿಳಿಯಿತು ಅಂತ ಖುಷಿಯಲ್ಲಿ ನೀವು ಮಾಡಿಕೊಂಡ ಎಡವಟ್ಟು ಯಾವುದು? ಕೆಳಗೆ ಬರೆಯಿರಿ, ನಾಚಬೇಡಿ. ನನಗಿಂತ ದಡ್ಡರು ಒಬ್ಬರಾದರೂ ಸಿಕ್ಕಿದರೆ ಗಿರಿಜಕ್ಕನಿಗೆ ಓದಿ ಹೇಳುವುದಿದೆ.